ಕೀನ್ಯಾದಲ್ಲಿ ನಿದ್ರಾರೋಗ ಹೋಯಿತಂತೆ. ಹಾಗಾದರೆ ಸಫಾರಿಯಿಂದ ಬಂದವರ ಜ್ವರಕ್ಕೆ ಸ್ಲೈಡ್ ಯಾಕೆ?

2025ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಒಳ್ಳೆಯ ಸುದ್ದಿ ಕೊಟ್ಟಿತು. ಕೀನ್ಯಾದಲ್ಲಿ ನಿದ್ರಾರೋಗ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ. ಈ ಮಾನ್ಯತೆ ಪಡೆದ ಹತ್ತನೇ ದೇಶ ಅದು. ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಇದು 'ಕೀನ್ಯಾ ನಿದ್ರಾರೋಗ ಮುಕ್ತ' ಎಂದು ಚಿಕ್ಕದಾಯಿತು. ಆದರೆ ಅಲ್ಲಿನ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೊರಟವರಿಗೆ ಪ್ರವಾಸ ವೈದ್ಯರು ಇವತ್ತಿಗೂ ಈ ರೋಗ ಹರಡುವ ತ್ಸೆತ್ಸೆ ನೊಣದಿಂದ ಹುಷಾರು ಅನ್ನುತ್ತಾರೆ. ವಾಪಸ್ ಬಂದು ಜ್ವರ ಬಂದರೆ ರಕ್ತದ ಸ್ಲೈಡ್ ನೋಡಿಸಿ ಅನ್ನುತ್ತಾರೆ. ರೋಗವೇ ಹೋದಮೇಲೆ ಇದೆಲ್ಲ ಯಾಕೆ?

ಗೊಂದಲ ಸಹಜವೇ. ಇಲ್ಲಿ ಎರಡು ಲೆಕ್ಕಗಳಿವೆ. ಒಂದು ಆ ಊರಿನವರ ಲೆಕ್ಕ, ಇನ್ನೊಂದು ನಾಲ್ಕು ದಿನಕ್ಕೆ ಅಲ್ಲಿಗೆ ಹೋಗಿಬರುವ ಪ್ರವಾಸಿಯ ಲೆಕ್ಕ. ಸುದ್ದಿ ಹೇಳುತ್ತಿರುವುದು ಮೊದಲನೆಯದನ್ನು.

'ಮುಕ್ತ' ಅಂದರೆ ಎಷ್ಟು ಮುಕ್ತ?

ಸಿಡುಬು ಭೂಮಿಯ ಮೇಲಿಂದಲೇ ಹೋಯಿತು. ಪೋಲಿಯೊ ನಮ್ಮ ದೇಶದಲ್ಲಿ ಹರಡುವುದು ನಿಂತಿತು. ಕೀನ್ಯಾಕ್ಕೆ ಸಿಕ್ಕಿದ್ದು ಇವೆರಡೂ ಅಲ್ಲ, ಇವಕ್ಕಿಂತ ಕೆಳಗಿನ ಮೆಟ್ಟಿಲು. ಪ್ರತಿ ಆರೋಗ್ಯ ಜಿಲ್ಲೆಯಲ್ಲೂ ಐದು ವರ್ಷದ ಸರಾಸರಿ ತೆಗೆದಾಗ, 10,000 ಜನರಿಗೆ ವರ್ಷಕ್ಕೆ ಒಂದಕ್ಕಿಂತ ಕಡಿಮೆ ರೋಗಿಗಳಿರಬೇಕು. ಇಷ್ಟಾದರೆ ಈ ಮಾನ್ಯತೆ ಸಿಗುತ್ತದೆ. ಇಂಥದ್ದನ್ನು ನಾವು ಕುಷ್ಠರೋಗದಲ್ಲಿ ನೋಡಿದ್ದೇವೆ. 2005ರ ಕೊನೆಗೆ ಭಾರತವೂ ಇದೇ ಬಗೆಯ ಗೆರೆ ದಾಟಿತು. ಹಾಗಂತ ಹೊಸ ರೋಗಿಗಳು ಸಿಗುವುದು ನಿಂತಿತಾ? ಇಲ್ಲ, ಅಲ್ವಾ.

ಕೀನ್ಯಾದ ಸಾಧನೆ ಸಣ್ಣದೇನಲ್ಲ. ಅಲ್ಲಿನ ಜನರಲ್ಲಿ ಕೊನೆಯ ಪ್ರಕರಣ ಕಂಡಿದ್ದು 2009ರಲ್ಲಿ. ಇಡೀ ಆಫ್ರಿಕಾದಲ್ಲಿ 1998ರಲ್ಲಿ ಸುಮಾರು 40,000 ಪ್ರಕರಣ ದಾಖಲಾಗಿದ್ದವು, 2018ರಿಂದ ಈಚೆಗೆ ವರ್ಷಕ್ಕೆ ಸಾವಿರದೊಳಗೆ ಇಳಿದಿವೆ. ಆದರೆ ಕೀನ್ಯಾದ ದಾಖಲೆಯಲ್ಲಿ ಇನ್ನೊಂದು ಸಾಲು ಇದೆ. 2012ರಲ್ಲಿ ಮಸಾಯಿ ಮಾರಾ ನೋಡಿ ಯುರೋಪಿಗೆ ಮರಳಿದ ಇಬ್ಬರಲ್ಲಿ ಈ ರೋಗ ಸಿಕ್ಕಿತು. ಅಂದರೆ ಸ್ಥಳೀಯರಲ್ಲಿ ನಿಂತು ಮೂರು ವರ್ಷವಾದ ಮೇಲೆ, ಕೊನೆಯ ಇಬ್ಬರು ರೋಗಿಗಳಾಗಿದ್ದು ಪ್ರವಾಸಿಗರು!

ಇದಕ್ಕೆ ಕಾರಣ ಪ್ರಾಣಿಗಳು. ನಿದ್ರಾರೋಗದಲ್ಲಿ ಎರಡು ಬಗೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗ್ಯಾಂಬಿಯೆನ್ಸ್ ಬಗೆ ಮುಖ್ಯವಾಗಿ ಮನುಷ್ಯರಲ್ಲೇ ಉಳಿದುಕೊಳ್ಳುತ್ತದೆ. ಒಟ್ಟು ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಇದೇ. ಪೂರ್ವ ಮತ್ತು ದಕ್ಷಿಣದ ರೊಡೀಸಿಯೆನ್ಸ್ ಬಗೆಗೆ ಮನುಷ್ಯ ಬೇಕೇ ಬೇಕು ಅಂತಿಲ್ಲ. ಜಿಂಕೆ ಜಾತಿಯ ಪ್ರಾಣಿಗಳಲ್ಲಿ, ದನಗಳಲ್ಲಿ ಅದು ಹಾಯಾಗಿರುತ್ತದೆ. ಹಳ್ಳಿಗೆ ಹೋಗಿ ಎಲ್ಲರ ರಕ್ತ ಪರೀಕ್ಷೆ ಮಾಡಿ ಔಷಧ ಕೊಟ್ಟರೆ ಮೊದಲನೆಯದು ನಿಲ್ಲುತ್ತದೆ. ಕಾಡಿನ ಪ್ರಾಣಿಗಳಿಗೆ ಹಾಗೆ ಮಾಡಲು ಯಾರಿಂದ ಸಾಧ್ಯ? ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ಗ್ಯಾಂಬಿಯೆನ್ಸ್ ಹರಡುವುದನ್ನೇ ನಿಲ್ಲಿಸುವ ಗುರಿ ಇಟ್ಟುಕೊಂಡಿದೆ, ರೊಡೀಸಿಯೆನ್ಸ್ ವಿಷಯದಲ್ಲಿ ಅಷ್ಟು ದೊಡ್ಡ ಮಾತು ಆಡಿಲ್ಲ.

ಮಸಾಯಿ ಮಾರಾ ಮುಗಿಯುವಲ್ಲಿ ಟಾಂಜಾನಿಯಾದ ಸೆರೆಂಗೆಟಿ ಶುರುವಾಗುತ್ತದೆ. ನಡುವೆ ಇರುವುದು ನಕ್ಷೆಯ ಗೆರೆ ಮಾತ್ರ. ಅದನ್ನು ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ದಾಟುತ್ತವೆ, ನೊಣವೂ ದಾಟುತ್ತದೆ. ಟಾಂಜಾನಿಯಾ, ಮಲಾವಿ, ಜಾಂಬಿಯಾಗಳ ಅಭಯಾರಣ್ಯಗಳಿಂದ ಪ್ರವಾಸಿಗರು ಈ ರೋಗ ಹೊತ್ತು ತಂದ ದಾಖಲೆಗಳಿವೆ. 2022ರಲ್ಲಿ ಇಥಿಯೋಪಿಯಾದಲ್ಲಿ ಹೊಸ ರೋಗಿಗಳು ಸಿಕ್ಕರು. ಅಲ್ಲಿ ಸುಮಾರು ಮೂವತ್ತು ವರ್ಷ ಈ ರೋಗದ ಸುಳಿವೇ ಇರಲಿಲ್ಲ.

ಕಚ್ಚಿದ ಮೇಲೆ ಒಳಗೆ ಏನಾಗುತ್ತದೆ?

ತ್ಸೆತ್ಸೆ ನಮ್ಮ ಮನೆನೊಣಕ್ಕಿಂತ ದೊಡ್ಡದು. ಹಗಲಲ್ಲಿ ಕಚ್ಚುತ್ತದೆ. ಧೂಳೆಬ್ಬಿಸಿಕೊಂಡು ಓಡುವ ಜೀಪನ್ನು ದೊಡ್ಡ ಪ್ರಾಣಿ ಅಂದುಕೊಂಡು ಬೆನ್ನಟ್ಟುತ್ತದೆ. ತೆಳು ಬಟ್ಟೆಯ ಮೇಲಿಂದಲೇ ಸೂಜಿ ಚುಚ್ಚಿದ ಹಾಗೆ ಚುರ್ರೆನ್ನುವಂತೆ ಕಚ್ಚುತ್ತದೆ. ಆದ್ದರಿಂದ ಕಚ್ಚಿಸಿಕೊಂಡವರಿಗೆ ಸಾಮಾನ್ಯವಾಗಿ ಅದು ನೆನಪಿರುತ್ತದೆ. ಕಚ್ಚುವ ನೊಣಗಳಲ್ಲಿ ಬಹುಪಾಲಿನಲ್ಲಿ ರೋಗ ತರುವ ಪರಾವಲಂಬಿ ಜೀವಿ ಇರುವುದೇ ಇಲ್ಲ. ಹತ್ತು ಸಲ ಕಚ್ಚಿಸಿಕೊಂಡು ಬಂದವರಿಗೂ ಏನೂ ಆಗದಿರುವುದೇ ಹೆಚ್ಚು.

ದುರದೃಷ್ಟಕ್ಕೆ ಪರಾವಲಂಬಿ ಇರುವ ನೊಣವೇ ಕಚ್ಚಿತು ಅಂದುಕೊಳ್ಳಿ. ಕೆಲವು ದಿನಗಳಲ್ಲಿ ಆ ಜಾಗ ಕೆಂಪಾಗಿ, ಗಟ್ಟಿಯಾಗಿ, ಹತ್ತು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಊದಿಕೊಳ್ಳಬಹುದು. ಮುಟ್ಟಿದರೆ ನೋವು. ಆಮೇಲೆ ಜ್ವರ, ತಲೆನೋವು, ಮೈಕೈ ನೋವು. ಟ್ರಿಪನೊಸೋಮಾ ಎಂಬ ಈ ಜೀವಿ ರಕ್ತದಲ್ಲಿ ಈಜಾಡುತ್ತಾ ತನ್ನ ಮೇಲಿನ ಹೊದಿಕೆಯನ್ನು ಬದಲಿಸುತ್ತಲೇ ಇರುತ್ತದೆ. ನಮ್ಮ ದೇಹ ನೀಲಿ ಅಂಗಿಯವನನ್ನು ಹಿಡಿಯಲು ಪೊಲೀಸರನ್ನು ಕಳಿಸುವಷ್ಟರಲ್ಲಿ ಅವನು ಹಸಿರು ಅಂಗಿ ಹಾಕಿಕೊಂಡಿರುತ್ತಾನೆ. ಜ್ವರ ಬಿಟ್ಟು ಬಿಟ್ಟು ಬರುವುದೂ ಇದರಿಂದಲೇ, ಈ ರೋಗಕ್ಕೆ ಲಸಿಕೆ ಮಾಡಲಾಗದಿರುವುದೂ ಇದರಿಂದಲೇ.

ಗ್ಯಾಂಬಿಯೆನ್ಸ್ ವರ್ಷಗಟ್ಟಲೆ ಮೆಲ್ಲಗೆ ಸಾಗುತ್ತದೆ. ರೊಡೀಸಿಯೆನ್ಸ್‌ಗೆ ಆ ತಾಳ್ಮೆ ಇಲ್ಲ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಪರಾವಲಂಬಿ ಮಿದುಳಿಗೆ ಹೋಗುತ್ತದೆ. ಹಗಲು ತೂಕಡಿಕೆ, ರಾತ್ರಿ ನಿದ್ದೆಯಿಲ್ಲ, ಗೊಂದಲ, ಕೊನೆಗೆ ಕೋಮಾ. ಪ್ರವಾಸಿಗರಲ್ಲಿ ಎಷ್ಟೋ ಸಲ ಅಷ್ಟು ದೂರ ಹೋಗುವ ಮೊದಲೇ ಪ್ಲೇಟ್‌ಲೆಟ್ ಕುಸಿದು, ಲಿವರ್, ಕಿಡ್ನಿ ಏರುಪೇರಾಗುತ್ತವೆ. ಹೆಸರು ನಿದ್ರಾರೋಗವಾದರೂ ಸಫಾರಿಯಿಂದ ಬಂದವರಲ್ಲಿ ಮೊದಲು ಕಾಣುವುದು ನಿದ್ರೆಯಲ್ಲ, ಜೋರು ಜ್ವರ.

ಮಾರಾದ ಸೀಸನ್ನೇ ನಮ್ಮ ಡೆಂಗಿ ಸೀಸನ್

ವೈಲ್ಡ್‌ಬೀಸ್ಟ್‌ಗಳು ಮಾರಾ ನದಿ ದಾಟುವುದನ್ನು ನೋಡಲು ಜನ ಹೋಗುವುದು ಜುಲೈನಿಂದ ಅಕ್ಟೋಬರ್‌ವರೆಗೆ. ಬೆಂಗಳೂರಿನ ಕ್ಯಾಮೆರಾ ಹುಚ್ಚಿನವರೂ ಆಗಲೇ ಹೊರಡುತ್ತಾರೆ. ಬೆಂಗಳೂರಿನಲ್ಲಿ ಮಳೆಗಾಲದ ಜೊತೆ ಡೆಂಗಿ ಏರುವುದೂ ಅದೇ ತಿಂಗಳುಗಳಲ್ಲಿ. ತಾರೀಖುಗಳ ಈ ತಾಕಲಾಟ ಸಣ್ಣ ವಿಷಯದಂತೆ ಕಾಣುತ್ತದೆ. ರೋಗ ತಡವಾಗಿ ಪತ್ತೆಯಾಗಲು ಮಾತ್ರ ಇದೇ ಸಾಕು.

ಸೆಪ್ಟೆಂಬರ್‌ನಲ್ಲಿ ಜಯನಗರದ ಒಂದು ಕ್ಲಿನಿಕ್‌ಗೆ ನಲವತ್ತರ ವಯಸ್ಸಿನವರೊಬ್ಬರು ಬಂದರು ಅಂತ ಊಹಿಸಿಕೊಳ್ಳಿ. ನಾಲ್ಕು ದಿನದಿಂದ 103 ಡಿಗ್ರಿ ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ 60,000. ಕ್ಲಿನಿಕ್ ಹೊರಗೆ ಇಂಥದ್ದೇ ಜ್ವರದವರು ಇನ್ನೂ ಹತ್ತು ಮಂದಿ ಕೂತಿದ್ದಾರೆ. ಡಾಕ್ಟರ್ ಸಿಬಿಸಿ, ಡೆಂಗಿಯ ಎನ್‌ಎಸ್1, ಟೈಫಾಯ್ಡ್‌ಗೆ ವಿಡಾಲ್ ಬರೆಯುತ್ತಾರೆ. ಎನ್‌ಎಸ್1 ನೆಗೆಟಿವ್. ಆದರೂ ಜ್ವರ ಶುರುವಾಗಿ ಕೆಲವು ದಿನ ಕಳೆದ ಮೇಲೆ ಡೆಂಗಿಯಲ್ಲೂ ಈ ಪರೀಕ್ಷೆ ನೆಗೆಟಿವ್ ಬರಬಹುದು. 'ಡೆಂಗಿಯೇ ಇರಬೇಕು, ನೀರು ಜಾಸ್ತಿ ಕುಡಿಯಿರಿ, ನಾಳೆ ಪ್ಲೇಟ್‌ಲೆಟ್ ನೋಡೋಣ' ಎಂದು ಕಳಿಸುತ್ತಾರೆ. ಡಾಕ್ಟರು ಮಾಡಿದ್ದು ತಪ್ಪು ಎನ್ನಲಾಗುವುದಿಲ್ಲ. ಸಾಲಿನಲ್ಲಿರುವ ಉಳಿದ ಹತ್ತು ಜನರಿಗೆ ಅದೇ ಸರಿಯಾದ ದಾರಿ. ಈ ಒಬ್ಬರು ಎರಡು ವಾರದ ಹಿಂದೆ ಎಲ್ಲಿದ್ದರು ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ಮೈಮೇಲೆ ಕಚ್ಚಿದ ಗಾಯ ಕಂಡರೆ ಇನ್ನೊಂದು ಗೊಂದಲ. ನಮ್ಮ ವೈದ್ಯರು ಸ್ಕ್ರಬ್ ಟೈಫಸ್ ಚೆನ್ನಾಗಿ ಬಲ್ಲರು. ಜ್ವರದ ಜೊತೆ ಸಿಗರೇಟಿನಿಂದ ಸುಟ್ಟಂಥ ಕಪ್ಪು ಗಾಯ ಕಂಡರೆ ಡಾಕ್ಸಿಸೈಕ್ಲಿನ್ ಶುರು ಮಾಡುತ್ತಾರೆ. ಸಫಾರಿಯಿಂದ ಬಂದವರಲ್ಲಿ ಉಣ್ಣೆ ಕಚ್ಚಿ ಬರುವ ಜ್ವರವೂ ಉಂಟು, ಅದಕ್ಕೂ ಇದೇ ಮಾತ್ರೆ. ಅದನ್ನು ಶುರು ಮಾಡುವುದು ಸರಿಯೇ. ಆದರೆ ಇವೆರಡರಲ್ಲೂ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯಬೇಕು. ಇಳಿಯಲಿಲ್ಲ ಅಂದರೆ ಮಾತ್ರೆ ಬದಲಿಸುವ ಮೊದಲು ರೋಗವನ್ನೇ ಮತ್ತೊಮ್ಮೆ ಯೋಚಿಸಬೇಕು.

ಶಿವಮೊಗ್ಗ ಕಡೆ ಈ ಅಭ್ಯಾಸ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ, ಅಲ್ಲಿ ಜ್ವರ ಎಂದು ಬಂದವರಿಗೆ ಕಾಡಿಗೆ ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತಿದೆಯಾ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಬೆಂಗಳೂರಿನ ಜ್ವರದ ಸಾಲಿನಲ್ಲಿ ಅದಕ್ಕೆ ಸಾಟಿಯಾದ ಪ್ರಶ್ನೆ ಪಾಸ್‌ಪೋರ್ಟಿನದು.

ಮೆಷಿನ್‌ಗೆ ಕಾಣದ್ದು ಕಣ್ಣಿಗೆ ಕಾಣುತ್ತದೆ

ಆಫ್ರಿಕಾದಿಂದ ಬಂದವರಿಗೆ ಜ್ವರ ಅಂದರೆ ಮೊದಲು ಯೋಚಿಸಬೇಕಾದ್ದು ನಿದ್ರಾರೋಗವಲ್ಲ, ಮಲೇರಿಯಾ. ಅದು ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯ. ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ ಕೆಲವೇ ದಿನದಲ್ಲಿ ಜೀವ ತೆಗೆಯಬಲ್ಲದು. ಈ ಕ್ರಮವನ್ನು ತಲೆಕೆಳಗು ಮಾಡಬಾರದು. ಒಂದು ಅನುಕೂಲ ಏನೆಂದರೆ, ಮಲೇರಿಯಾ ಹುಡುಕುವ ರಕ್ತದ ಸ್ಲೈಡ್‌ನಲ್ಲೇ ಟ್ರಿಪನೊಸೋಮಾ ಕೂಡ ಕಾಣುತ್ತದೆ. ರೊಡೀಸಿಯೆನ್ಸ್ ಬಗೆಯಲ್ಲಿ ರಕ್ತದಲ್ಲಿ ಅವುಗಳ ಸಂಖ್ಯೆ ಸಾಕಷ್ಟಿರುತ್ತದೆ.

ಅನನುಕೂಲ ಏನೆಂದರೆ ಸ್ಲೈಡ್ ನೋಡುವುದೇ ಕಡಿಮೆಯಾಗುತ್ತಿದೆ. ಮಲೇರಿಯಾಗೆ ಈಗ ಕಾರ್ಡ್ ಟೆಸ್ಟ್ ಇದೆ. ಒಂದು ಹನಿ ರಕ್ತ, ಹದಿನೈದು-ಇಪ್ಪತ್ತು ನಿಮಿಷ, ಗೆರೆ ಬಂತೋ ಇಲ್ಲವೋ, ಮುಗಿಯಿತು. ಗೆರೆ ಬಾರದಿದ್ದರೆ 'ಮಲೇರಿಯಾ ನೆಗೆಟಿವ್' ಎಂಬ ಚೀಟಿ. ಆ ಕಾರ್ಡ್‌ಗೆ ಟ್ರಿಪನೊಸೋಮಾ ಹುಡುಕಲು ಬರುವುದಿಲ್ಲ. ರೊಡೀಸಿಯೆನ್ಸ್‌ಗೆ ಅಂತಲೇ ಅಂಗಡಿಯಲ್ಲಿ ಸಿಗುವ ಕಾರ್ಡ್ ಟೆಸ್ಟ್ ಇಲ್ಲ. ಸಿಬಿಸಿ ಮಾಡುವ ಮೆಷಿನ್ ರಕ್ತಕಣಗಳನ್ನು ಎಣಿಸುತ್ತದೆ, ನಡುವೆ ಈಜಾಡುವ ಅಪರಿಚಿತನನ್ನು ಗುರುತು ಹಿಡಿಯುವುದು ಅದರ ಕೆಲಸವಲ್ಲ.

ಅದೇ ಒಂದು ಹನಿ ಹಸಿ ರಕ್ತವನ್ನು ಗಾಜಿನ ಮೇಲಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದೃಶ್ಯವೇ ಬೇರೆ. ಮೊದಲು ಕಣ್ಣಿಗೆ ಬೀಳುವುದು ಪರಾವಲಂಬಿಯಲ್ಲ. ಸುಮ್ಮನೆ ಮಲಗಿರಬೇಕಾದ ಕೆಂಪು ಕಣಗಳು ಅಲ್ಲಲ್ಲಿ ಅಲುಗುತ್ತವೆ, ಯಾರೋ ಭುಜ ತಾಗಿಸಿಕೊಂಡು ಸಂದಿಯಲ್ಲಿ ನುಗ್ಗಿದ ಹಾಗೆ. ಅಲ್ಲೇ ಕಣ್ಣು ನೆಟ್ಟರೆ ಬಳುಕುವ ಎಳೆಯಂಥದ್ದು ಕಾಣುತ್ತದೆ. ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಅದರ ಅಂಚಿನ ಅಲೆಯಂಥ ಪರದೆ, ಬಾಲ ಎಲ್ಲ ಸ್ಪಷ್ಟ. ಒಮ್ಮೆ ನೋಡಿದ ಟೆಕ್ನಿಷಿಯನ್ ಮತ್ತೆ ಮರೆಯುವುದಿಲ್ಲ. ಆದರೆ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಪಠ್ಯದ ಚಿತ್ರದ ಆಚೆ ನೋಡಿರುತ್ತಾರೆ?

ಹಾಗಾಗಿ ಲ್ಯಾಬ್ ಚೀಟಿಯಲ್ಲಿ 'ಸ್ಮಿಯರ್' ಎಂದಷ್ಟೇ ಬರೆದರೆ ಸಾಲದು. 'ಪೂರ್ವ ಆಫ್ರಿಕಾ ಪ್ರವಾಸ, ಮಲೇರಿಯಾ ಮತ್ತು ಟ್ರಿಪನೊಸೋಮಾ ನೋಡಿ' ಎಂದು ಬರೆದರೆ ಫಲಿತಾಂಶವೇ ಬೇರೆಯಾಗಬಹುದು. ಹುಡುಕುವವರಿಗೆ ಏನು ಹುಡುಕಬೇಕು ಎಂದು ಗೊತ್ತಿದ್ದರೆ ಕಣ್ಣು ಬೇರೆ ರೀತಿ ಓಡುತ್ತದೆ.

ರಕ್ತದಲ್ಲಿ ಸಿಕ್ಕ ಮೇಲೆ ಇನ್ನೊಂದು ಪ್ರಶ್ನೆ: ಮಿದುಳಿಗೆ ಹೋಗಿದೆಯೇ? ಅದಕ್ಕೆ ಬೆನ್ನಿನಿಂದ ನೀರು ತೆಗೆದು ನೋಡುತ್ತಾರೆ. ಆ ನೀರಿನಲ್ಲಿ ಪರಾವಲಂಬಿ ಸಿಕ್ಕರೆ, ಅಥವಾ ಒಂದು ಮೈಕ್ರೋಲೀಟರ್‌ನಲ್ಲಿ ಬಿಳಿ ರಕ್ತಕಣ ಐದಕ್ಕಿಂತ ಹೆಚ್ಚಿದ್ದರೆ ಎರಡನೇ ಹಂತ ಎಂದು ಲೆಕ್ಕ. ಮೊದಲೆಲ್ಲ ಈ ಉತ್ತರದ ಮೇಲೆ ಜೀವವೇ ನಿಂತಿತ್ತು. ಯಾಕೆಂದರೆ ಎರಡು ಹಂತಕ್ಕೆ ಔಷಧ ಬೇರೆ ಬೇರೆ.

ಗಾಜಿನ ಸಿರಿಂಜಿನಿಂದ ಮಾತ್ರೆಯವರೆಗೆ

ಮೊದಲ ಹಂತಕ್ಕೆ ಸುರಾಮಿನ್. ನೂರು ವರ್ಷ ಹಳೆಯ ಔಷಧ, ರಕ್ತನಾಳಕ್ಕೆ ಕೊಡಬೇಕು, ವಾರಗಟ್ಟಲೆ. ಅದು ಮಿದುಳಿಗೆ ತಲುಪುವುದಿಲ್ಲ. ಎರಡನೇ ಹಂತಕ್ಕೆ ಇದ್ದದ್ದು 1949ರಲ್ಲಿ ಬಂದ ಮೆಲಾರ್ಸೊಪ್ರೋಲ್. ಹೆಸರಿನಲ್ಲೇ ಆರ್ಸೆನಿಕ್ ಇದೆ, ಅಂದರೆ ಪಾಷಾಣ. ಅದನ್ನು ಕರಗಿಸುವ ದ್ರವ ಪ್ಲಾಸ್ಟಿಕ್ ಸಿರಿಂಜನ್ನೇ ಹಾಳು ಮಾಡುವಷ್ಟು ತೀಕ್ಷ್ಣ, ಹಾಗಾಗಿ ಗಾಜಿನ ಸಿರಿಂಜ್ ಬೇಕಿತ್ತು. ನರದೊಳಗೆ ಹೋಗುವಾಗ ಬೆಂಕಿಯ ಹಾಗೆ ಉರಿ. ತೆಗೆದುಕೊಂಡ ನೂರರಲ್ಲಿ ಸುಮಾರು ಐದು ಮಂದಿ ರೋಗದಿಂದಲ್ಲ, ಔಷಧದಿಂದಲೇ ಸಾಯುತ್ತಿದ್ದರು. ಆದರೂ ಕೊಡುತ್ತಿದ್ದರು. ಕೊಡದಿದ್ದರೆ ನೂರಕ್ಕೆ ನೂರು ಸಾವು ಎಂಬಂಥ ಸ್ಥಿತಿ.

ಫೆಕ್ಸಿನಿಡಜೋಲ್ ಎಂಬ ಮಾತ್ರೆ ಈ ಕಥೆಯನ್ನು ಬದಲಿಸಿತು. ಮೊದಲು ಗ್ಯಾಂಬಿಯೆನ್ಸ್‌ಗೆ ಬಂತು. ಮಲಾವಿ ಮತ್ತು ಉಗಾಂಡದಲ್ಲಿ ರೊಡೀಸಿಯೆನ್ಸ್ ರೋಗಿಗಳ ಮೇಲೆ ಪ್ರಯೋಗ ನಡೆದ ಮೇಲೆ, 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೂ ಅದನ್ನೇ ಮೊದಲ ಆಯ್ಕೆ ಮಾಡಿತು. ಆರು ವರ್ಷ ದಾಟಿದ, 20 ಕಿಲೊ ತೂಕ ಇರುವ ಯಾರಿಗಾದರೂ ಆಗುತ್ತದೆ. ದಿನಕ್ಕೊಮ್ಮೆ, ಹತ್ತು ದಿನ. ಎರಡೂ ಹಂತಕ್ಕೆ ಒಂದೇ ಔಷಧ. ಮೊದಲ ನಾಲ್ಕು ದಿನ ಪ್ರಮಾಣ ಜಾಸ್ತಿ, ಆಮೇಲೆ ಆರು ದಿನ ಕಡಿಮೆ. ಹೊಟ್ಟೆತುಂಬ ಊಟ ಮಾಡಿಯೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ದೇಹ ಹೀರಿಕೊಳ್ಳುವುದು ತೀರಾ ಕಡಿಮೆ. ವಾಂತಿಯಾಗುತ್ತಿರುವ ರೋಗಿಗೆ ಊಟ ಮಾಡಿಸಿ ಮಾತ್ರೆ ನಿಲ್ಲಿಸುವುದು ನರ್ಸ್‌ಗಳಿಗೆ ಸುಲಭದ ಕೆಲಸವಲ್ಲ. ಆದರೂ ಗಾಜಿನ ಸಿರಿಂಜಿನ ಕಾಲಕ್ಕೆ ಹೋಲಿಸಿದರೆ ಇದು ಸ್ವರ್ಗ.

ಔಷಧ ಬೆಂಗಳೂರಿನಲ್ಲೇ ಇಟ್ಟಿರಬೇಕೇ?

ಈ ಮಾತ್ರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. ದುಡ್ಡು ಎಷ್ಟಿದ್ದರೂ ಸಿಗುವುದಿಲ್ಲ. ಸನೋಫಿ, ಬೇಯರ್ ಕಂಪನಿಗಳು ನಿದ್ರಾರೋಗದ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆಗೆ ದಾನವಾಗಿ ಕೊಡುತ್ತವೆ, ಸಂಸ್ಥೆ ಅವನ್ನು ಉಚಿತವಾಗಿ ಹಂಚುತ್ತದೆ. ರೋಗವೇ ಇಲ್ಲದ ದೇಶದ ಆಸ್ಪತ್ರೆ ಮನವಿ ಕಳಿಸಿ ತರಿಸಿಕೊಳ್ಳಬೇಕು. ದೇಶದಲ್ಲಿ ಮಾರಾಟಕ್ಕಿಲ್ಲದ ಔಷಧವನ್ನು ಒಳಗೆ ತರಲು ಕೇಂದ್ರದ ಔಷಧ ನಿಯಂತ್ರಕರ ಪರವಾನಗಿ ಬೇಕು. ನಡುವೆ ವಿಮಾನ, ಕಸ್ಟಮ್ಸ್, ಶನಿವಾರ-ಭಾನುವಾರ. ದಿನಗಳ ಲೆಕ್ಕದಲ್ಲಿ ಕೆಡುವ ರೋಗಕ್ಕೆ ಈ ಕಾಯುವಿಕೆ ದುಬಾರಿ.

ಇದರ ಬಗ್ಗೆ ಎರಡು ವಾದ ಇವೆ. ಬೆಂಗಳೂರಿನಂಥ ಊರಿನಿಂದ ಪೂರ್ವ ಆಫ್ರಿಕಾಕ್ಕೆ ಹೋಗಿಬರುವವರು ಹೆಚ್ಚುತ್ತಿದ್ದಾರೆ, ದೇಶದಲ್ಲಿ ಒಂದೆರಡು ಕಡೆಯಾದರೂ ಔಷಧ ದಾಸ್ತಾನು ಇರಲಿ ಎಂಬುದು ಒಂದು. ಕೆಲವು ದೇಶಗಳಲ್ಲಿ ದೊಡ್ಡ ಆಸ್ಪತ್ರೆಗಳು ಹೀಗೆ ಇಟ್ಟುಕೊಂಡಿವೆ ಕೂಡ. ಇನ್ನೊಂದು ವಾದ ಹೀಗಿದೆ: ವರ್ಷಗಟ್ಟಲೆ ಒಬ್ಬ ರೋಗಿಯೂ ಬಾರದೆ ಔಷಧದ ಅವಧಿ ಮುಗಿಯುತ್ತದೆ, ಅದೇ ಗಮನ ಕ್ಷಯಕ್ಕೋ ಡೆಂಗಿಗೋ ಕೊಟ್ಟರೆ ಸಾವಿರಾರು ಜನರಿಗೆ ಉಪಯೋಗ.

ಎರಡನೇ ವಾದದ ಲೆಕ್ಕ ಸರಿ, ಆದರೆ ಅದು ತಪ್ಪು ಪ್ರಶ್ನೆಗೆ ಉತ್ತರ ಕೊಡುತ್ತಿದೆ ಅನಿಸುತ್ತದೆ. ಇಲ್ಲಿ ದುಡ್ಡಿಗಿಂತ ಕೊರತೆ ಇರುವುದು ದಾರಿ ಗೊತ್ತಿರುವುದಕ್ಕೆ. ರಾತ್ರಿ ಹನ್ನೊಂದಕ್ಕೆ ಸ್ಲೈಡ್‌ನಲ್ಲಿ ಪರಾವಲಂಬಿ ಕಂಡ ವೈದ್ಯರು ಯಾರಿಗೆ ಫೋನ್ ಮಾಡಬೇಕು? ಯಾವ ಅರ್ಜಿ, ಯಾರ ಸಹಿ? ಇದು ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ದಾಸ್ತಾನು ಇಲ್ಲದೆಯೂ ಎಷ್ಟೋ ಸಮಯ ಉಳಿಯುತ್ತದೆ. ಅದನ್ನು ಬರೆಯಲು ಬಜೆಟ್ ಬೇಕಿಲ್ಲ.

ಔಷಧ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪೆಂಟಾಮಿಡಿನ್ ಎಂಬ ಹಳೆಯ ಔಷಧವನ್ನು ನಮ್ಮ ದೇಶದಲ್ಲಿ ಕಾಲಾ ಅಜಾರ್‌ಗೆ ಬಳಸಿದ್ದುಂಟು. ರೊಡೀಸಿಯೆನ್ಸ್‌ಗೆ ಅದು ಪೂರ್ಣ ಚಿಕಿತ್ಸೆಯಲ್ಲ. ಆದರೆ ಸರಿಯಾದ ಔಷಧ ಕೈಸೇರುವವರೆಗೆ ರಕ್ತದಲ್ಲಿರುವ ಪರಾವಲಂಬಿಯನ್ನು ತಗ್ಗಿಸಲು ಬೇರೆ ದೇಶಗಳ ವೈದ್ಯರು ಅದನ್ನು ಬಳಸಿದ್ದಾರೆ. ಮಾತ್ರೆ ಮುಗಿದ ಮೇಲೂ ರೋಗಿಯನ್ನು ತಿಂಗಳುಗಟ್ಟಲೆ ಆಗಾಗ ಕರೆಸಿ ನೋಡುತ್ತಿರಬೇಕು, ಮರುಕಳಿಸುವುದು ಅಪರೂಪವಾದರೂ ಉಂಟು.

ಇಲ್ಲಿ ಹರಡುತ್ತದೆಯೇ?

ಇಲ್ಲ. ತ್ಸೆತ್ಸೆ ನೊಣ ಭಾರತದಲ್ಲಿಲ್ಲ. ರೋಗಿಯ ಪಕ್ಕ ಕೂತರೆ, ಮುಟ್ಟಿದರೆ, ಒಟ್ಟಿಗೆ ಉಂಡರೆ ಬರುವುದಿಲ್ಲ. ಬೆಂಗಳೂರಿನಲ್ಲಿ ಒಂದು ಪ್ರಕರಣ ಸಿಕ್ಕಿತು ಎಂದು ನಾಳೆ ಸುದ್ದಿ ಬಂದರೂ ಅಕ್ಕಪಕ್ಕದವರು ಗಾಬರಿಯಾಗಲು ಕಾರಣವಿಲ್ಲ.

ಹಾಗಂತ ಟ್ರಿಪನೊಸೋಮಾ ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ಇದರ ದಾಯಾದಿಯೊಂದು ನಮ್ಮ ದನ, ಕುದುರೆ, ಒಂಟೆಗಳಲ್ಲಿ 'ಸರ್ರಾ' ಎಂಬ ರೋಗ ತರುತ್ತದೆ, ಕಚ್ಚುವ ದನದ ನೊಣಗಳಿಂದ ಹರಡುತ್ತದೆ. ಪಶುವೈದ್ಯರಿಗೆ ಇದು ದಿನನಿತ್ಯದ ಹೆಸರು. 2000ದಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಹನ್ನೆರಡು ಹುಲಿಗಳು ಸತ್ತಿದ್ದು ಟ್ರಿಪನೊಸೋಮಾದಿಂದಲೇ. ಮನುಷ್ಯರಿಗೆ ಸರ್ರಾ ಬರುವುದಿಲ್ಲ, ಏಕೆಂದರೆ ನಮ್ಮ ರಕ್ತದಲ್ಲಿ ಅದನ್ನು ಕೊಲ್ಲುವ ಒಂದು ಪ್ರೋಟೀನ್ ಇದೆ. ರೊಡೀಸಿಯೆನ್ಸ್ ಮಾತ್ರ ಆ ಪ್ರೋಟೀನನ್ನು ಕಟ್ಟಿಹಾಕುವ ಉಪಾಯ ಕಲಿತಿದೆ. ಆದರೂ ಸುಮಾರು ಇಪ್ಪತ್ತು ವರ್ಷದ ಹಿಂದೆ ಮಹಾರಾಷ್ಟ್ರದ ಒಬ್ಬ ರೈತರಿಗೆ ಸರ್ರಾ ಬಂತು! ಹುಡುಕಿದಾಗ ಅವರ ದೇಹದಲ್ಲಿ ಆ ಪ್ರೋಟೀನೇ ತಯಾರಾಗುತ್ತಿರಲಿಲ್ಲ. ಸುರಾಮಿನ್ ಕೊಟ್ಟು ವಾಸಿ ಮಾಡಿದರು. ಅದು ಗೊತ್ತಾಗಿದ್ದೂ ರಕ್ತದ ಸ್ಲೈಡ್ ನೋಡಿದ್ದರಿಂದಲೇ.

ಹೊರಡುವವರ ಬ್ಯಾಗಿನಲ್ಲಿ

ಕೀನ್ಯಾಕ್ಕೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ, ಹಳದಿ ಪುಸ್ತಕ ಗೊತ್ತು. ಅದಿಲ್ಲದೆ ಬಂದರೆ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೂ ಪ್ರತ್ಯೇಕವಾಗಿ ಇಡಬಹುದು, ಆ ಭಯಕ್ಕಾದರೂ ಹಾಕಿಸಿಕೊಳ್ಳುತ್ತಾರೆ. ಮಲೇರಿಯಾಗೆ ಮುಂಚೆಯೇ ನುಂಗುವ ಮಾತ್ರೆ ಇದೆ. ನಿದ್ರಾರೋಗಕ್ಕೆ ಲಸಿಕೆಯೂ ಇಲ್ಲ, ಮುನ್ನೆಚ್ಚರಿಕೆಯ ಮಾತ್ರೆಯೂ ಇಲ್ಲ. ಹಾಗಾಗಿ ಯಾವ ಕೌಂಟರಿನಲ್ಲೂ ಇದರ ಮಾತು ಬರುವುದಿಲ್ಲ.

ಇರುವುದು ಬಟ್ಟೆ. ನೀಲಿ ಮತ್ತು ಕಪ್ಪು ಬಣ್ಣ ತ್ಸೆತ್ಸೆಯನ್ನು ಸೆಳೆಯುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ಅದನ್ನು ಹಿಡಿಯಲು ಆಫ್ರಿಕಾದಲ್ಲಿ ನೇತುಹಾಕುವ ಬಲೆಗಳು ನೀಲಿ-ಕಪ್ಪು ಬಟ್ಟೆಯವೇ. ಜೀನ್ಸ್ ಹಾಕಿಕೊಂಡು ಜೀಪ್ ಹತ್ತಿದರೆ ಬಲೆಯನ್ನೇ ಉಟ್ಟುಕೊಂಡ ಹಾಗೆ. ದಪ್ಪನೆಯ, ಮಣ್ಣಿನ ಬಣ್ಣದ, ತುಂಬು ತೋಳಿನ ಬಟ್ಟೆ ಒಳ್ಳೆಯದು. ಸೊಳ್ಳೆಗೆ ಹಚ್ಚುವ ಕ್ರೀಮ್ ಈ ನೊಣದ ಮುಂದೆ ಅಷ್ಟಾಗಿ ನಡೆಯುವುದಿಲ್ಲ. ಗಾಡಿಗೆ ಹತ್ತುವ ಮುಂಚೆ ಒಳಗೆ ನೊಣ ಕೂತಿದೆಯಾ ನೋಡಬೇಕು. ಕಚ್ಚಿದ ಜಾಗ ಊದಿಕೊಂಡರೆ ಮೊಬೈಲಿನಲ್ಲಿ ಅದರದ್ದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸಿಂಹದ ಮುನ್ನೂರು ಫೋಟೊಗಳ ನಡುವೆ ಅದೊಂದು ಇದ್ದರೆ, ತಾರೀಖಿನ ಸಮೇತ, ಜಯನಗರದ ಡಾಕ್ಟರಿಗೆ ತೋರಿಸಲು ಆಗುತ್ತದೆ.